ಹಳೆಯ ಮಿಲಿಟರಿ ಲಾರಿಗೆ ಮತ್ತೆ ಜೀವ: ಕೊಳ್ಳುವ ಮುನ್ನ ಕಾಗದ, ಸ್ಟಾರ್ಟ್ ಮಾಡುವ ಮುನ್ನ ಆಯಿಲ್, ಓಡಿಸುವ ಮುನ್ನ ಬ್ರೇಕ್

ಗಲ್ಫ್‌ನಲ್ಲಿ ಹತ್ತು-ಹದಿನೈದು ವರ್ಷ ದುಡಿದು ಊರಿಗೆ ಮರಳುವವರು ಒಂದು ಜಾಗ, ಒಂದು ಮನೆ, ಒಂದು ಅಂಗಡಿಯ ಯೋಚನೆ ಇಟ್ಟುಕೊಂಡಿರುತ್ತಾರೆ. ಗ್ಯಾರೇಜಿನಲ್ಲಿ, ಹೆವಿ ವೆಹಿಕಲ್ ವರ್ಕ್‌ಶಾಪಿನಲ್ಲಿ ಕೆಲಸ ಮಾಡಿದವರ ಪಟ್ಟಿಯಲ್ಲಿ ಇನ್ನೊಂದು ಆಸೆಯೂ ಇರುವುದುಂಟು: ಮಿಲಿಟರಿಯವರು ಹರಾಜು ಹಾಕಿದ ಒಂದು ಹಳೆ ಲಾರಿ ತಗೊಂಡು, ಕೈಯಾರೆ ರಿಪೇರಿ ಮಾಡಿ, ತೋಟಕ್ಕೋ ಕಲ್ಲುಕೋರೆಗೋ ಬಳಸುವುದು. ಕೊಡಗು, ಚಿಕ್ಕಮಗಳೂರು ಕಡೆಯ ಎಸ್ಟೇಟುಗಳಲ್ಲಿ ಹಳೆಯ ಫೋರ್ ವೀಲ್ ಜೀಪುಗಳು ಇಂದಿಗೂ ದುಡಿಯುತ್ತಿರುವುದನ್ನು ನೋಡಿದವರಿಗೆ ಇದು ಹುಚ್ಚು ಆಸೆ ಅನ್ನಿಸುವುದಿಲ್ಲ.

ಆಸೆ ತಪ್ಪಲ್ಲ, ಆದರೆ ಹಾಳಾಗುವ ದಾರಿ ಎರಡಿವೆ. ಒಂದು, ಕಾಗದ ಸರಿಯಿಲ್ಲದ ಲಾರಿಗೆ ವರ್ಷಗಳ ಉಳಿತಾಯ ಸುರಿಯುವುದು. ಇನ್ನೊಂದು, ಇಂಜಿನ್ ಸ್ಟಾರ್ಟ್ ಆದ ಸಂಭ್ರಮದಲ್ಲಿ ಬ್ರೇಕು ನೋಡದೆ ರಸ್ತೆಗೆ ಇಳಿಸುವುದು. ಮೊದಲನೆಯದರಲ್ಲಿ ದುಡ್ಡು ಹೋಗುತ್ತದೆ, ಎರಡನೆಯದರಲ್ಲಿ ಜೀವ ಹೋಗುತ್ತದೆ.

ಯಾವ ಲಾರಿ?

ಭಾರತದಲ್ಲಿ 'ಮಿಲಿಟರಿ ಲಾರಿ' ಅಂದ ಕೂಡಲೇ ಹಳಬರಿಗೆ ನೆನಪಾಗುವುದು ಶಕ್ತಿಮಾನ್. ಜರ್ಮನಿಯ ಮ್ಯಾನ್ ಕಂಪನಿಯ ಲೈಸೆನ್ಸ್ ಪಡೆದು, ವಿ.ಕೆ. ಕೃಷ್ಣ ಮೆನನ್ ರಕ್ಷಣಾ ಮಂತ್ರಿಯಾಗಿದ್ದಾಗ 1959ರಲ್ಲಿ ಜಬಲ್‌ಪುರದಲ್ಲಿ ಇದರ ತಯಾರಿ ಶುರುವಾಯಿತು. 1969ರಲ್ಲಿ ಅಲ್ಲೇ ಪ್ರತ್ಯೇಕ ವಾಹನ ಕಾರ್ಖಾನೆ ಬಂತು. 1996ರಲ್ಲಿ ಉತ್ಪಾದನೆ ನಿಂತಿತು. ನಂತರ ಸೇನೆಯಲ್ಲಿ ಅದರ ಜಾಗ ತುಂಬಿದ್ದು ಅಶೋಕ್ ಲೇಲ್ಯಾಂಡಿನ ಸ್ಟ್ಯಾಲಿಯನ್ ಮತ್ತು ಟಾಟಾದ ಫೋರ್ ವೀಲ್ ಲಾರಿಗಳು. ಶಕ್ತಿಮಾನ್ ಆರು ಸಿಲಿಂಡರಿನ ಡೀಸೆಲ್, ನಾಲ್ಕೂ ಚಕ್ರಕ್ಕೆ ಎಳೆತ ಇರುವ ಗಾಡಿ. ಈಗ ಸಿಗುವ ಯಾವ ಶಕ್ತಿಮಾನ್ ಆದರೂ ಸುಮಾರು 30 ವರ್ಷ ಅಥವಾ ಅದಕ್ಕಿಂತ ಹಳೆಯದು ಅಂತಲೇ ಲೆಕ್ಕ.

ಜಬಲ್‌ಪುರದಲ್ಲೇ ತಯಾರಾದ ಇನ್ನೆರಡು ಗಾಡಿಗಳು ನಿಸಾನ್ ಒನ್ ಟನ್ ಮತ್ತು ಜೋಂಗಾ. ಎರಡಕ್ಕೂ ಮೂಲ ಜಪಾನಿನ ನಿಸಾನ್. 'ಜಬಲ್‌ಪುರ್ ಆರ್ಡ್‌ನೆನ್ಸ್ ಆಂಡ್ ಗನ್ ಕ್ಯಾರೇಜ್ ಅಸೆಂಬ್ಲಿ' ಎಂಬುದರ ಮೊದಲಕ್ಷರಗಳು ಸೇರಿ ಆದ ಹೆಸರು ಜೋಂಗಾ. ಇವು ಮೂಲತಃ ಸುಮಾರು 4 ಲೀಟರಿನ, ಆರು ಸಿಲಿಂಡರಿನ ಪೆಟ್ರೋಲ್ ಗಾಡಿಗಳು. ಪೆಟ್ರೋಲ್ ಕುಡಿಯುವುದು ನೋಡಿ ಬಹಳ ಮಂದಿ ಡೀಸೆಲ್ ಇಂಜಿನ್ ಕೂರಿಸಿಕೊಂಡಿದ್ದಾರೆ. ಇಂಥ ಗಾಡಿ ಕೊಳ್ಳುವಾಗ ಇಂಜಿನ್ ಬದಲಾವಣೆ ಆರ್‌ಸಿಯಲ್ಲಿ ನಮೂದಾಗಿದೆಯೋ ಇಲ್ಲವೋ ಅಂತ ಮೊದಲು ನೋಡಬೇಕು.

ಹೊರದೇಶಗಳಲ್ಲಿ ಹಳೆ ಮಿಲಿಟರಿ ಲಾರಿ ಪ್ರಿಯರ ಅಚ್ಚುಮೆಚ್ಚು ಅಮೆರಿಕದ ಎಂ35. 1950ರ ಸುಮಾರಿಗೆ ರಿಯೋ ಕಂಪನಿ ರೂಪಿಸಿದ, ಎರಡೂವರೆ ಟನ್ನಿನ, ಆರೂ ಚಕ್ರಕ್ಕೆ ಎಳೆತ ಇರುವ ಲಾರಿ ಇದು. ಇದರ ಎ2 ಮಾದರಿಯ 7.8 ಲೀಟರ್ ಇಂಜಿನ್ 'ಮಲ್ಟಿ ಫ್ಯುಯೆಲ್' ಅಂತ ಪ್ರಸಿದ್ಧ. ಪಿಸ್ಟನ್ನಿನ ತಲೆಯಲ್ಲಿ ಗುಂಡಗಿನ ಕುಳಿ ಮಾಡಿ, ಅದರ ಗೋಡೆಗೆ ತಾಗುವಂತೆ ಇಂಧನ ಸಿಂಪಡಿಸಿ ನಿಧಾನವಾಗಿ ಉರಿಸುವ ಆ ವಿಧಾನ ಮೂಲತಃ ಮ್ಯಾನ್ ಕಂಪನಿಯದೇ. ಹಾಗಾಗಿ ಜಬಲ್‌ಪುರದ ಲಾರಿಗೂ ಅಮೆರಿಕದ ಲಾರಿಗೂ ದೂರದ ನೆಂಟಸ್ತಿಕೆ ಇದೆ ಅನ್ನಬಹುದು.

ಗಲ್ಫ್‌ನಲ್ಲೇ ಇಂಥ ಹಳೆ ಲಾರಿ ಕಡಿಮೆ ಬೆಲೆಗೆ ಸಿಕ್ಕಿತು, ಹಡಗಿನಲ್ಲಿ ಊರಿಗೆ ಕಳಿಸೋಣ ಅನ್ನುವ ಯೋಚನೆ ಇದ್ದರೆ ಅದನ್ನು ಅಲ್ಲೇ ಬಿಡುವುದು ಒಳ್ಳೆಯದು. ವಿಂಟೇಜ್ ವಾಹನಗಳಿಗಿರುವ ಪ್ರತ್ಯೇಕ ವಿನಾಯಿತಿ ಬಿಟ್ಟರೆ, ಭಾರತಕ್ಕೆ ತರುವ ಬಳಸಿದ ವಾಹನ 3 ವರ್ಷಕ್ಕಿಂತ ಹಳೆಯದಾಗಿರಬಾರದು, ಸ್ಟೀರಿಂಗ್ ಬಲಗಡೆ ಇರಬೇಕು.

ಕಾಗದ ಮೊದಲು, ಪಾನಾ ಆಮೇಲೆ

ಸರ್ಕಾರಿ ಹರಾಜುಗಳು ಈಗ ಬಹುಪಾಲು ಆನ್‌ಲೈನಿನಲ್ಲಿ, ಕೇಂದ್ರ ಸರ್ಕಾರದ ಎಂಎಸ್‌ಟಿಸಿಯಂಥ ಸಂಸ್ಥೆಗಳ ಮೂಲಕ ನಡೆಯುತ್ತವೆ. ಮುಂಗಡ ಠೇವಣಿ ಕಟ್ಟಬೇಕು, ಗೆದ್ದ ಮೇಲೆ ಗಡುವಿನೊಳಗೆ ಪೂರ್ತಿ ಹಣ ಕಟ್ಟಿ ಗಾಡಿ ಎತ್ತಬೇಕು. ತಡವಾದರೆ ಜಾಗದ ಬಾಡಿಗೆ ಬೀಳುತ್ತದೆ. 'ಇದ್ದಂತೆ, ಇದ್ದಲ್ಲಿ' ಅನ್ನುವ ಷರತ್ತು ಇರುತ್ತದೆ. ಅಂದರೆ ಇಂಜಿನ್ ಒಳಗೆ ಪಿಸ್ಟನ್ನೇ ಇಲ್ಲದಿದ್ದರೂ ಕೇಳುವ ಹಾಗಿಲ್ಲ.

ಇಲ್ಲಿ ಗಮನಿಸಬೇಕಾದ ಅಂಶಗಳು:

1. ಲಾಟ್ 'ವಾಹನ'ವೋ 'ಗುಜರಿ'ಯೋ? ಗುಜರಿ ಅಂತ ಮಾರಿದ ಗಾಡಿಯನ್ನು ರಿಪೇರಿ ಮಾಡಬಹುದು, ರಿಜಿಸ್ಟರ್ ಮಾಡಿಸಲು ಆಗುವುದಿಲ್ಲ. ಕಡಿಮೆ ಬೆಲೆಯ ಗುಟ್ಟು ಹಲವು ಸಲ ಇದೇ.

2. ಫಾರ್ಮ್ 21. ಸೇನೆಯಿಂದ ಬಂದ ವಾಹನದ ನೋಂದಣಿಗೆ, ಫಾರ್ಮ್ 20ರ ಅರ್ಜಿಯ ಜೊತೆ, ಸಂಬಂಧಪಟ್ಟ ಅಧಿಕಾರಿಗಳು ಕೊಟ್ಟ ಮೂಲ ಮಾರಾಟ ಪತ್ರ ಬೇಕು. ಜೆರಾಕ್ಸ್ ಸಾಲದು. ಈಗಾಗಲೇ ಎರಡು-ಮೂರು ಕೈ ದಾಟಿದ ಗಾಡಿಯಾದರೆ ಆರ್‌ಸಿ ಇರಲೇಬೇಕು. 'ಪೇಪರ್ ಆಮೇಲೆ ಮಾಡಿಸಿ ಕೊಡ್ತೇವೆ' ಅನ್ನುವವರಿಗೆ ಅಡ್ವಾನ್ಸ್ ಕೊಡಬಾರದು.

3. ಚಾಸಿ ನಂಬರ್, ಇಂಜಿನ್ ನಂಬರ್. ಎರಡನ್ನೂ ತುಕ್ಕು ಕೆರೆದು, ಸೀಮೆಸುಣ್ಣ ಹಚ್ಚಿ, ಫೋಟೋ ತೆಗೆದು ಕಾಗದದ ಜೊತೆ ತಾಳೆ ನೋಡಬೇಕು. ಒಂದು ಅಂಕಿ ವ್ಯತ್ಯಾಸ ಇದ್ದರೂ ಆರ್‌ಟಿಓ ಕಚೇರಿಯಲ್ಲಿ ಫೈಲು ನಿಲ್ಲುತ್ತದೆ.

4. 15 ವರ್ಷದ ನಿಯಮ. 2023ರ ಏಪ್ರಿಲ್ 1ರಿಂದ, 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಣ ನಿಂತಿದೆ. ಅವು ಅಧಿಕೃತ ಸ್ಕ್ರ್ಯಾಪಿಂಗ್ ಕೇಂದ್ರಕ್ಕೆ ಹೋಗಬೇಕು. ದೇಶರಕ್ಷಣೆಯ ಕಾರ್ಯಾಚರಣೆಗೆ ಬಳಸುವ ವಿಶೇಷ ವಾಹನಗಳಿಗೆ ವಿನಾಯಿತಿ ಇದೆ. ಹೀಗಾಗಿ ಹಳೆ ಕಾಲದಂತೆ ಹರಾಜಿನ ಲಾರಿ ಸುಲಭವಾಗಿ ರಸ್ತೆಗೆ ಬರುತ್ತದೆ ಅಂತ ನಂಬಬಾರದು. ಬಿಡ್ ಹಾಕುವ ಮುನ್ನವೇ ಊರಿನ ಆರ್‌ಟಿಓದಲ್ಲಿ ಕೇಳಿಕೊಳ್ಳಬೇಕು.

5. ವಿಂಟೇಜ್ ನೋಂದಣಿ ಲಾರಿಗಿಲ್ಲ. 2021ರ ನಿಯಮದಲ್ಲಿ 50 ವರ್ಷ ದಾಟಿದ, ಮೂಲ ರೂಪದಲ್ಲಿರುವ ಗಾಡಿಗಳಿಗೆ 20,000 ರೂಪಾಯಿ ಶುಲ್ಕಕ್ಕೆ 10 ವರ್ಷದ ವಿಂಟೇಜ್ ನೋಂದಣಿ ಸಿಗುತ್ತದೆ. ಅದು ದ್ವಿಚಕ್ರ ಮತ್ತು ಜನರನ್ನು ಒಯ್ಯುವ ಸಣ್ಣ ನಾಲ್ಕು ಚಕ್ರದ ಗಾಡಿಗಳಿಗೆ ಮಾತ್ರ. ಹಳೆಯ ಜೋಂಗಾಕ್ಕೆ ದಾರಿ ಇರಬಹುದು, ಸರಕು ಲಾರಿಗೆ ಇಲ್ಲ. ಬಾಡಿಗೆಗೆ ಓಡಿಸಲು ಹೇಗೂ ಬರುವುದಿಲ್ಲ.

6. ಹಸಿರು ಬಣ್ಣ. ರಕ್ಷಣಾ ಇಲಾಖೆಯದ್ದಲ್ಲದ ಯಾವ ವಾಹನಕ್ಕೂ ಆಲಿವ್ ಗ್ರೀನ್ ಬಣ್ಣ ಬಳಿಯುವಂತಿಲ್ಲ ಅಂತ ಕೇಂದ್ರ ಮೋಟಾರು ವಾಹನ ನಿಯಮ 121 ಹೇಳುತ್ತದೆ. ಮಿಲಿಟರಿ ಲುಕ್ ಉಳಿಸಿಕೊಳ್ಳುವ ಆಸೆ ಇದ್ದವರಿಗೆ ಬೇಜಾರಾಗುವ ಮಾತು, ಆದರೆ ಬಣ್ಣ ಬದಲಿಸದೆ ಗತಿಯಿಲ್ಲ. ಬಾಣದ ಗುರುತಿನ ನಂಬರ್ ಪ್ಲೇಟನ್ನೂ ತೆಗೆಯಬೇಕು.

ಮಾಲೀಕ ಗಲ್ಫ್‌ನಲ್ಲಿದ್ದು, ಅಣ್ಣ-ತಮ್ಮನೋ ಭಾವನೋ ಊರಿನಲ್ಲಿ ಓಡಾಡುವುದಾದರೆ ಪವರ್ ಆಫ್ ಅಟಾರ್ನಿ ಬೇಕಾಗುತ್ತದೆ. ಅದಕ್ಕೆ ಇಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ದೃಢೀಕರಣ ಮಾಡಿಸಿ, ಪತ್ರ ಭಾರತಕ್ಕೆ ತಲುಪಿದ ಮೂರು ತಿಂಗಳೊಳಗೆ ಅಲ್ಲಿ ಸ್ಟ್ಯಾಂಪ್ ಶುಲ್ಕ ಕಟ್ಟಬೇಕು. 'ಗಾಡಿ ಕೊಳ್ಳಲು, ನೋಂದಾಯಿಸಲು' ಅಂತ ಸೀಮಿತ ಅಧಿಕಾರ ಬರೆದರೆ ಸಾಕು. ಎಲ್ಲ ಆಸ್ತಿಗೂ ಅನ್ವಯಿಸುವ ಜನರಲ್ ಪವರ್ ಕೊಡುವ ಅಗತ್ಯವಿಲ್ಲ.

ನಿಂತ ಇಂಜಿನ್ನಿಗೆ ಸೆಲ್ಫ್ ಹೊಡೆಯಬೇಡಿ

ಐದು-ಹತ್ತು ವರ್ಷ ಬಯಲಲ್ಲಿ ನಿಂತ ಲಾರಿಗೆ ಹೊಸ ಬ್ಯಾಟರಿ ಹಾಕಿ ಸೆಲ್ಫ್ ಹೊಡೆಯುವುದು, ಇಲ್ಲವೇ ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ಗೇರ್ ಹಾಕುವುದು ಎಲ್ಲ ಕಡೆ ನಡೆಯುವ ಕೆಲಸ. ರಿಪೇರಿಯಾಗಬಹುದಾಗಿದ್ದ ಎಷ್ಟೋ ಇಂಜಿನ್ ಕೆಡುವುದು ಇಲ್ಲೇ. ಸರಿಯಾದ ಕ್ರಮ ಹೀಗಿದೆ.

ಮೊದಲು ಕಣ್ಣಿನ ಕೆಲಸ. ಏರ್ ಫಿಲ್ಟರ್ ಬಿಚ್ಚಿ ಇಲಿ ಗೂಡು, ಕಣಜದ ಗೂಡು ಇದೆಯೇ ನೋಡಬೇಕು. ಮಲೆನಾಡು, ಕರಾವಳಿಯಲ್ಲಿ ಹಾವೂ ಇರಬಹುದು. ಸೈಲೆನ್ಸರ್ ಪೈಪಿನ ಬಾಯಿ ಮೇಲ್ಮುಖವಾಗಿದ್ದರೆ ಮಳೆನೀರು ಸಿಲಿಂಡರಿನವರೆಗೂ ಹೋಗಿರುವ ಸಾಧ್ಯತೆ ಇದೆ.

ಆಮೇಲೆ ಚೇಂಬರಿನ ಆಯಿಲ್. ಕೆಳಗಿನ ನಟ್ಟು ನಿಧಾನ ಸಡಿಲಿಸಿದರೆ ಮೊದಲು ಬರುವುದು ಅಡಿಯಲ್ಲಿ ಕೂತಿದ್ದ ವಸ್ತು. ನೀರು ಬಂದರೆ ಹೆಡ್ ಗ್ಯಾಸ್ಕೆಟ್, ಲೈನರ್ ಸೀಲ್, ಆಯಿಲ್ ಕೂಲರ್ ಮೇಲೆ ಅನುಮಾನ. ಆಯಿಲ್ ಅಳತೆಗಿಂತ ಹೆಚ್ಚಿದ್ದು, ತೆಳ್ಳಗಾಗಿ ಡೀಸೆಲ್ ವಾಸನೆ ಹೊಡೆದರೆ ಪಂಪಿನ ಒಳಗಿಂದ ಡೀಸೆಲ್ ಸೋರಿ ಚೇಂಬರಿಗೆ ಸೇರಿದೆ ಅಂತ ಅರ್ಥ. ಅಂಥ ಆಯಿಲ್‌ನಲ್ಲಿ ಇಂಜಿನ್ ಓಡಿಸಿದರೆ ಬೇರಿಂಗ್ ಉಳಿಯುವುದಿಲ್ಲ.

ಮೂರನೆಯದು ಕೈಯಿಂದ ತಿರುಗಿಸುವುದು. ಕ್ರ್ಯಾಂಕಿನ ಪುಲ್ಲಿ ನಟ್ಟಿಗೆ ಉದ್ದ ಪಾನಾ ಹಾಕಿ ಎರಡು ಸುತ್ತು ಪೂರ್ತಿ ತಿರುಗಿಸಬೇಕು. ನಾಝಲ್ ಬಿಚ್ಚಿಟ್ಟರೆ ಕಂಪ್ರೆಶನ್ ಇರುವುದಿಲ್ಲ, ಸುಲಭವಾಗುತ್ತದೆ. ಒಳಗೆ ನೀರಿದ್ದರೆ ಅದೇ ತೂತಿನಿಂದ ಚಿಮ್ಮುತ್ತದೆ. ನೀರು ಒತ್ತಿದರೆ ಕುಗ್ಗುವ ವಸ್ತುವಲ್ಲ. ಸಿಲಿಂಡರಿನಲ್ಲಿ ನೀರಿದ್ದಾಗ ಸೆಲ್ಫ್ ಹೊಡೆದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ.

ತಿರುಗದೇ ಇದ್ದರೆ ಬಲ ಹಾಕಬಾರದು. ಪ್ರತಿ ಸಿಲಿಂಡರಿಗೆ ಡೀಸೆಲ್ ಮತ್ತು ಗೇರ್‌ಬಾಕ್ಸಿನ ಎಟಿಎಫ್ ಆಯಿಲ್ ಬೆರೆಸಿ ಸುರಿದು, ದಿನ ಬಿಟ್ಟು ದಿನ ಮುಂದೆ-ಹಿಂದೆ ಸ್ವಲ್ಪ ಅಲುಗಿಸುತ್ತಾ ಒಂದು ವಾರವೋ ಎರಡು ವಾರವೋ ಕಾಯಬೇಕು. ಟ್ಯಾಪೆಟ್ ಕವರ್ ತೆಗೆದು, ತಿರುಗಿಸುವಾಗ ಎಲ್ಲ ವಾಲ್ವುಗಳೂ ಇಳಿದು ಮತ್ತೆ ಏರುತ್ತಿವೆಯೇ ನೋಡಬೇಕು. ಇಳಿದು ಅಲ್ಲೇ ಕೂತ ವಾಲ್ವಿಗೆ ಪಿಸ್ಟನ್ ಬಡಿದರೆ ವಾಲ್ವೋ ಪುಶ್ ರಾಡೋ ಬಾಗಬಹುದು.

ಡೀಸೆಲ್ ಲೈನ್: ಅರ್ಧ ಕಾಯಿಲೆ ಇಲ್ಲೇ

ಹಳೆ ಡೀಸೆಲ್ ಟ್ಯಾಂಕಿನ ತಳದಲ್ಲಿ ನೀರು, ತುಕ್ಕು, ಮತ್ತು ನೀರು-ಡೀಸೆಲ್ ಸೇರುವ ಪದರದಲ್ಲಿ ಬೆಳೆದ ಕಪ್ಪು ಲೋಳೆ ಇರುತ್ತದೆ. ಇದನ್ನು ಪಂಪಿನವರೆಗೂ ಬಿಟ್ಟರೆ ಸೂಕ್ಷ್ಮ ಅಳತೆಯ ಪ್ಲಂಜರುಗಳು ಹಾಳಾಗುತ್ತವೆ. ಮೊದಲ ಸಲ ಸ್ಟಾರ್ಟ್ ಮಾಡಲು ಟ್ಯಾಂಕನ್ನೇ ಬಳಸದೆ, ಎತ್ತರದಲ್ಲಿ ಇಟ್ಟ ಒಂದು ಕ್ಯಾನಿನಿಂದ ಹೊಸ ಡೀಸೆಲ್ ಕೊಡುವುದು ಜಾಣತನ. ಫಿಲ್ಟರ್ ಹೊಸದು ಹಾಕಿ, ಲೈನಿನ ಏರ್ ತೆಗೆಯಬೇಕು: ಮೊದಲು ಫಿಲ್ಟರಿನ ಸ್ಕ್ರೂ, ಆಮೇಲೆ ಪಂಪಿನ ಸ್ಕ್ರೂ, ಕೊನೆಗೆ ಇಂಜಿನ್ ತಿರುಗಿಸುತ್ತಾ ನಾಝಲ್ ಪೈಪಿನ ನಟ್ಟುಗಳು.

ಇದಕ್ಕೂ ಮುಖ್ಯವಾದದ್ದು ಪಂಪಿನೊಳಗಿನ ರ್‍ಯಾಕ್. ಇಂಧನ ಹೆಚ್ಚು-ಕಡಿಮೆ ಮಾಡುವ ಈ ಸರಳು ವರ್ಷಗಟ್ಟಲೆ ನಿಂತು ಅಂಟಿಕೊಂಡಿರಬಹುದು. ಪೂರ್ತಿ ಇಂಧನದ ಸ್ಥಾನದಲ್ಲಿ ಅಂಟಿಕೊಂಡಿದ್ದರೆ, ಸ್ಟಾರ್ಟ್ ಆದ ಕ್ಷಣದಿಂದ ಇಂಜಿನ್ ಹದ್ದುಮೀರಿ ಓಡುತ್ತದೆ. ಆಕ್ಸಿಲರೇಟರ್ ಬಿಟ್ಟರೂ ನಿಲ್ಲುವುದಿಲ್ಲ, ಕೀ ತಿರುಗಿಸಿದರೂ ನಿಲ್ಲುವುದಿಲ್ಲ. ಹಾಗಾಗಿ ರ್‍ಯಾಕ್ ಸಲೀಸಾಗಿ ಓಡಾಡುತ್ತದೆ, ಸ್ಟಾಪ್ ಕೇಬಲ್ ಎಳೆದಾಗ ಪೂರ್ತಿ ಮುಚ್ಚುತ್ತದೆ ಅಂತ ಕಣ್ಣಾರೆ ನೋಡದೆ ಸ್ಟಾರ್ಟ್ ಮಾಡಬಾರದು. ಅನುಮಾನ ಇದ್ದರೆ ಪಂಪ್ ಬಿಚ್ಚಿ ಕ್ಯಾಲಿಬ್ರೇಷನ್ ಅಂಗಡಿಗೆ ಒಯ್ಯುವುದೇ ಸರಿ. ಬೆಂಗಳೂರಿನ ಆಡುಗೋಡಿಯ ಮೈಕೋ ಕಾರ್ಖಾನೆಯ ದೆಸೆಯಿಂದ ಇಂಥ ಇನ್‌ಲೈನ್ ಪಂಪಿನ ಕೆಲಸ ಬಲ್ಲವರು ರಾಜ್ಯದಲ್ಲಿ ಇನ್ನೂ ಇದ್ದಾರೆ.

ಮೊದಲ ಸ್ಟಾರ್ಟಿನ ದಿನ ಒಬ್ಬ ಮನುಷ್ಯ ಇಂಜಿನ್ನಿನ ಗಾಳಿ ಬಾಯಿಯ ಪಕ್ಕ ದಪ್ಪ ಹಲಗೆ ಹಿಡಿದು ನಿಲ್ಲಬೇಕು. ಇಂಜಿನ್ ಹುಚ್ಚೆದ್ದರೆ ಹಲಗೆಯಿಂದ ಬಾಯಿ ಮುಚ್ಚಿ ಗಾಳಿ ನಿಲ್ಲಿಸುವುದು ಕೊನೆಯ ಉಪಾಯ. ಕೈ ಅಡ್ಡ ಹಿಡಿಯುವುದು, ಬಟ್ಟೆ ತುರುಕುವುದು ಎರಡೂ ಅಪಾಯ.

ಕರೆಂಟು: 12 ಅಲ್ಲ, 24

ಅನೇಕ ಮಿಲಿಟರಿ ಗಾಡಿಗಳದ್ದು 24 ವೋಲ್ಟಿನ ವ್ಯವಸ್ಥೆ. ಎರಡು 12 ವೋಲ್ಟ್ ಬ್ಯಾಟರಿ ಸಾಲಾಗಿ ಜೋಡಿಸಿರುತ್ತಾರೆ. ಪಿಕಪ್ ತಂದು ಜಂಪರ್ ಹಾಕಿದರೆ ಸೆಲ್ಫ್ ಅರ್ಧ ಶಕ್ತಿಯಲ್ಲಿ ನರಳುತ್ತದೆ. 24 ವೋಲ್ಟನ್ನು 12ರ ಗಾಡಿಗೆ ಕೊಟ್ಟರೆ ಬಲ್ಬಿನಿಂದ ಹಿಡಿದು ಎಲ್ಲ ಸುಡುತ್ತದೆ. ಪ್ಲೇಟ್ ಓದಿ, ಬಲ್ಬು ನೋಡಿ ಖಾತ್ರಿ ಮಾಡಿಕೊಳ್ಳಬೇಕು. ಎರಡು ಬ್ಯಾಟರಿಯೂ ಒಂದೇ ಅಳತೆ, ಒಂದೇ ವಯಸ್ಸಿನವಾಗಿರಬೇಕು. ಇಲಿ ಕಡಿದ ವಯರಿನ ಕಟ್ಟಿಗೆ ಟೇಪ್ ಸುತ್ತುವುದಕ್ಕಿಂತ ಹೊಸ ವಯರ್ ಎಳೆಸುವುದೇ ಲಾಭ.

ಮೊದಲ ಸ್ಟಾರ್ಟ್

ಹೊಸ ಆಯಿಲ್, ಹೊಸ ಫಿಲ್ಟರ್, ರೇಡಿಯೇಟರಿಗೆ ನೀರು ಹಾಕಿದ ಮೇಲೆ, ಸ್ಟಾಪ್ ಕೇಬಲ್ ಎಳೆದಿಟ್ಟೇ ಸೆಲ್ಫ್ ಹೊಡೆಯಬೇಕು. ಇಂಜಿನ್ ಹತ್ತದೆ ಬರೀ ತಿರುಗುತ್ತದೆ. ಆಯಿಲ್ ಪ್ರೆಶರ್ ಮುಳ್ಳು ಎದ್ದ ಮೇಲೆಯೇ ಕೇಬಲ್ ಬಿಡುವುದು. ಸೆಲ್ಫ್ ಸುಡದಂತೆ ನಡುನಡುವೆ ಬಿಡುವು ಕೊಡಬೇಕು. ಸ್ಟಾರ್ಟ್ ಆಗಿ ಹತ್ತು-ಹದಿನೈದು ಸೆಕೆಂಡಿನಲ್ಲಿ ಪ್ರೆಶರ್ ಕಾಣದಿದ್ದರೆ ತಕ್ಷಣ ಬಂದ್.

ಹೊಗೆ ಬಹಳಷ್ಟು ಹೇಳುತ್ತದೆ. ಮೊದಲ ಕೆಲವು ನಿಮಿಷ ಬಿಳಿ ಹೊಗೆ ಸಹಜ. ಇಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ಬಂದು ನೀರು ಕಡಿಮೆಯಾಗುತ್ತಿದ್ದರೆ ಹೆಡ್ ಬಿಚ್ಚುವ ಕೆಲಸ ಇದೆ. ಕಪ್ಪು ಹೊಗೆ ಅಂದರೆ ಗಾಳಿ ಕಡಿಮೆ ಅಥವಾ ಡೀಸೆಲ್ ಹೆಚ್ಚು, ನಾಝಲ್ ಕೆಟ್ಟಿರಲೂಬಹುದು. ನೀಲಿ ಹೊಗೆ ಅಂದರೆ ಆಯಿಲ್ ಉರಿಯುತ್ತಿದೆ. ಅಂಟಿದ ರಿಂಗುಗಳು ಸ್ವಲ್ಪ ಓಡಿದ ಮೇಲೆ ಬಿಟ್ಟುಕೊಂಡು ಇದು ಕಡಿಮೆಯಾಗುವುದೂ ಉಂಟು.

ಕ್ಲಚ್ ಪ್ಲೇಟ್ ಫ್ಲೈವೀಲಿಗೆ ಅಂಟಿಕೊಂಡು ಗೇರ್ ಬೀಳದಿರುವುದು ಇನ್ನೊಂದು ಸಾಮಾನ್ಯ ತೊಂದರೆ. ಪೆಡಲನ್ನು ಒತ್ತಿ ಮರದ ತುಂಡು ಕೊಟ್ಟು ಒಂದೆರಡು ದಿನ ಬಿಟ್ಟರೆ ಎಷ್ಟೋ ಸಲ ತಾನಾಗಿ ಬಿಡುತ್ತದೆ. ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಹಿಂದೆ-ಮುಂದೆ ಎರಡೂ ಹೌಸಿಂಗಿನ ಆಯಿಲ್ ಬದಲಿಸಬೇಕು. ಹಾಲಿನ ಬಣ್ಣ ಬಂದಿದ್ದರೆ ನೀರು ಹೊಕ್ಕಿದೆ. ಓಡಿಸುವಾಗ ಮುಂದಿನ ಎಳೆತವನ್ನು ಕೆಸರು, ಮರಳಿನಲ್ಲಿ ಮಾತ್ರ ಹಾಕಬೇಕು. ಡಾಂಬರು ರಸ್ತೆಯಲ್ಲಿ ಹಾಕಿ ಓಡಿಸಿದರೆ ಶಾಫ್ಟ್‌ಗಳು ಬಿಗಿದು ಮುರಿಯುತ್ತವೆ.

ಓಡುವುದಕ್ಕಿಂತ ನಿಲ್ಲುವುದು ಮುಖ್ಯ

ಹಳೆ ಲಾರಿಗಳ ಬ್ರೇಕು ಇಂದಿನ ಗಾಡಿಗಳ ಹಾಗಲ್ಲ. ಎಂ35ಎ2 ಲಾರಿಯದ್ದು ಗಾಳಿಯ ಸಹಾಯ ಇರುವ ಹೈಡ್ರಾಲಿಕ್ ಬ್ರೇಕು, ಆದರೆ ಇಡೀ ಲಾರಿಗೆ ಒಂದೇ ಸರ್ಕ್ಯೂಟ್. ಯಾವುದೋ ಒಂದು ಚಕ್ರದ ಹೋಸ್ ಪೈಪ್ ಒಡೆದರೂ ಎಲ್ಲ ಚಕ್ರದ ಬ್ರೇಕೂ ಒಟ್ಟಿಗೆ ಹೋಗುತ್ತದೆ. ಆ ಕಾಲದ ಬೇರೆ ಲಾರಿಗಳಲ್ಲೂ ಇದೇ ವ್ಯವಸ್ಥೆ ಇರುವುದು ಸಾಮಾನ್ಯ. ಚಾರ್ಮಾಡಿ, ಆಗುಂಬೆ, ಶಿರಾಡಿ ಘಾಟಿಯಲ್ಲಿ ಇದರ ಅರ್ಥ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಆದ್ದರಿಂದ ಮಾಸ್ಟರ್ ಸಿಲಿಂಡರ್, ಎಲ್ಲ ವೀಲ್ ಸಿಲಿಂಡರ್, ಎಲ್ಲ ರಬ್ಬರ್ ಹೋಸ್ ಹೊಸದಾಗಬೇಕು. 'ಸೋರುತ್ತಿಲ್ಲವಲ್ಲ' ಅಂತ ಬಿಡುವ ಹಾಗಿಲ್ಲ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಂಡು ಒಳಗೇ ತುಕ್ಕು ಹಿಡಿಸುತ್ತದೆ. ರಬ್ಬರ್ ಹೋಸ್ ಹೊರಗೆ ಚೆನ್ನಾಗಿ ಕಂಡರೂ ಒಳಗೆ ಊದಿ ಮುಚ್ಚಿಕೊಂಡಿರುತ್ತದೆ. ಗಾಳಿ ಟ್ಯಾಂಕಿನ ನೀರು ಬಿಟ್ಟು, ಪೂರ್ತಿ ಗಾಳಿ ತುಂಬಿಸಿ, ಇಂಜಿನ್ ಬಂದ್ ಮಾಡಿ ಮೀಟರ್ ಎಷ್ಟು ಬೇಗ ಇಳಿಯುತ್ತದೆ ನೋಡಬೇಕು. ಹ್ಯಾಂಡ್ ಬ್ರೇಕ್ ಇಳಿಜಾರಿನಲ್ಲಿ ಲಾರಿಯನ್ನು ಹಿಡಿದು ನಿಲ್ಲಿಸಲೇಬೇಕು, ಯಾಕೆಂದರೆ ಒಂದೇ ಸರ್ಕ್ಯೂಟಿನ ಲಾರಿಯಲ್ಲಿ ಉಳಿಯುವ ಆಸರೆ ಅದೊಂದೇ.

ಚಕ್ರದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಹಳೆ ಲಾರಿಗಳ ರಿಮ್ ಎರಡು-ಮೂರು ತುಂಡಿನದು, ಲಾಕ್ ರಿಂಗಿನಿಂದ ಅಥವಾ ಬೋಲ್ಟಿನಿಂದ ಕೂಡಿಸಿದ್ದು. ಗಾಳಿ ಇರುವಾಗ ತಪ್ಪು ನಟ್ಟು ಬಿಚ್ಚಿದರೆ ರಿಂಗ್ ಗುಂಡಿನಂತೆ ಸಿಡಿಯುತ್ತದೆ. ಇದರಿಂದ ಪ್ರಾಣ ಕಳೆದುಕೊಂಡ ಟೈರ್ ಕೆಲಸಗಾರರು ಎಲ್ಲ ದೇಶಗಳಲ್ಲೂ ಇದ್ದಾರೆ. ವಾಲ್ವಿನ ಪಿನ್ ತೆಗೆದು ಗಾಳಿ ಪೂರ್ತಿ ಬಿಡದೆ ಯಾವ ನಟ್ಟಿಗೂ ಪಾನಾ ಹಾಕಬಾರದು. ಗಾಳಿ ತುಂಬುವಾಗ ಚಕ್ರ ಕಬ್ಬಿಣದ ಪಂಜರದೊಳಗೆ ಇರಬೇಕು, ಮನುಷ್ಯ ಉದ್ದ ಪೈಪ್ ಹಿಡಿದು ಬದಿಯಲ್ಲಿ ನಿಲ್ಲಬೇಕು. ತುಕ್ಕು ತಿಂದ ರಿಂಗನ್ನು ವೆಲ್ಡ್ ಮಾಡಿ ಬಳಸುವುದು ಸುತರಾಂ ಕೂಡದು. ಟೈರಿನಲ್ಲಿ ತಯಾರಿಕೆಯ ವಾರ, ವರ್ಷ ತೋರಿಸುವ ನಾಲ್ಕು ಅಂಕಿ ಇರುತ್ತದೆ. ಉದಾಹರಣೆಗೆ 2309 ಅಂದರೆ 2009ರ 23ನೇ ವಾರ. ಗುಂಡಿ ಚೆನ್ನಾಗಿದ್ದರೂ ಅಷ್ಟು ಹಳೆ ರಬ್ಬರ್ ಭಾರಕ್ಕೆ ಯೋಗ್ಯವಲ್ಲ.

ಲೆಕ್ಕದ ಪುಸ್ತಕ

ಇಂಥ ಕೆಲಸ ಅರ್ಧಕ್ಕೆ ನಿಲ್ಲುವುದು ಸಾಮಾನ್ಯವಾಗಿ ಮೆಕ್ಯಾನಿಕ್ ಸಿಗದೆ ಅಲ್ಲ, ದುಡ್ಡು ಮುಗಿದು. ಖರ್ಚನ್ನು ಮೂರು ಭಾಗ ಮಾಡಿ ಬರೆದುಕೊಂಡರೆ ಚಿತ್ರ ಸ್ಪಷ್ಟವಾಗುತ್ತದೆ.

ಮೊದಲನೆಯದು ಮನೆ ತಲುಪುವವರೆಗಿನ ಖರ್ಚು: ಹರಾಜಿನ ಬೆಲೆ, ಅದರ ಮೇಲಿನ ತೆರಿಗೆ ಮತ್ತು ಶುಲ್ಕ, ಕ್ರೇನು, ಟ್ರೈಲರ್ ಬಾಡಿಗೆ. ಎರಡನೆಯದು ಸ್ಟಾರ್ಟ್ ಆಗುವವರೆಗಿನ ಖರ್ಚು: ಬ್ಯಾಟರಿ, ಆಯಿಲ್, ಫಿಲ್ಟರ್, ಪಂಪ್, ನಾಝಲ್, ಗ್ಯಾಸ್ಕೆಟ್. ಮೂರನೆಯದು ರಸ್ತೆಗೆ ಇಳಿಯುವವರೆಗಿನ ಖರ್ಚು: ಬ್ರೇಕು, ಟೈರು, ವೈರಿಂಗು, ಟಿಂಕರಿಂಗು, ಬಣ್ಣ, ನೋಂದಣಿ, ಫಿಟ್‌ನೆಸ್, ಇನ್ಶೂರೆನ್ಸ್. ಜನ ಮೊದಲ ಎರಡನ್ನು ಲೆಕ್ಕ ಹಾಕಿ ಗಾಡಿ ತರುತ್ತಾರೆ. ದೊಡ್ಡ ಮೊತ್ತ ಇರುವುದು ಮೂರನೆಯದರಲ್ಲಿ. ಅದರ ಪೂರ್ತಿ ಹಣ ಕೈಯಲ್ಲಿಲ್ಲದೆ ಬಿಡ್ ಹಾಕಬಾರದು.

ಬಿಡಿಭಾಗಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ವಿಚಾರಿಸಬಹುದು. ಸೀಲ್, ಬೇರಿಂಗುಗಳಿಗೆ ಒಂದು ಅನುಕೂಲ ಇದೆ: ಅವುಗಳ ಮೇಲೆ ಅಳತೆಯ ನಂಬರ್ ಇರುವುದರಿಂದ, ಗಾಡಿ ಯಾವುದು ಅಂತ ಹೇಳದೆಯೂ ಹೊಸದು ತರಬಹುದು. ಲೈನರ್, ಪಿಸ್ಟನ್, ಹೆಡ್ ಸಿಗುತ್ತದೆಯೇ ಅನ್ನುವುದನ್ನು ಮಾತ್ರ ಗಾಡಿ ಕೊಳ್ಳುವ ಮುನ್ನವೇ ಖಾತ್ರಿ ಮಾಡಿಕೊಳ್ಳಬೇಕು. ಗುಜರಿ ಬೆಲೆಗೆ ಇನ್ನೊಂದು ಸತ್ತ ಲಾರಿ ಕೊಂಡು ಅದರ ಭಾಗ ಬಳಸುವುದು ಕೆಲವೊಮ್ಮೆ ಎಲ್ಲಕ್ಕಿಂತ ಅಗ್ಗ.

ಮಾಲೀಕ ವಿದೇಶದಲ್ಲಿದ್ದಾಗ ಪ್ರತಿ ಬಿಲ್ಲಿನ ಫೋಟೋ, ಬದಲಿಸಿದ ಹಳೆ ಭಾಗದ ಫೋಟೋ ಎರಡನ್ನೂ ವಾಟ್ಸಾಪಿನಲ್ಲಿ ತರಿಸಿಕೊಳ್ಳುವುದು ಮನೆಯವರ ಮೇಲೆ ಅನುಮಾನ ಅಂತಲ್ಲ. ರಜೆಯಲ್ಲಿ ಬಂದಾಗ ಏನು ಆಗಿದೆ, ಏನು ಬಾಕಿ ಇದೆ ಅಂತ ಗೊತ್ತಾಗಲು, ಮುಂದೆ ಮಾರುವಾಗ ಕೊಳ್ಳುವವನಿಗೆ ತೋರಿಸಲು ಆ ಫೈಲೇ ಆಧಾರ. ಚಾಸಿ ನಂಬರಿನ ಫೋಟೋ ಮತ್ತು ಫಾರ್ಮ್ 21 ಆ ಫೈಲಿನ ಮೊದಲ ಪುಟದಲ್ಲಿ ಇರಲಿ.